ತವರೂರ ತಿನಿಸಿನ ನೆನಪು: ಮಂಗಳೂರನ್ನು ಕುರಿತ ಬರಹಗಳ ಒಂದು ವಿಮರ್ಶೆ

ಊರು ಬಿಟ್ಟು ದೂರ ನೆಲಸಿದವರು ಊರನ್ನು ನೆನೆದು ಬರೆಯುವಾಗ ತಿನಿಸಿನ ಪ್ರಸ್ತಾಪ ಬಾರದಿರುವುದು ಅಪರೂಪ. ಆತ್ಮಕಥೆ, ಲಲಿತಪ್ರಬಂಧ, ಸಂಘಗಳ ಸ್ಮರಣಸಂಚಿಕೆಯ ಲೇಖನ ಇವೆಲ್ಲವುಗಳಲ್ಲಿಯೂ ಅದು ಕಾಣಬರುತ್ತದೆ. ಮಂಗಳೂರಿನವರ ಮಟ್ಟಿಗಂತೂ ಇದು ಒಂದು ಪ್ರತ್ಯೇಕ ಸಾಹಿತ್ಯಪ್ರಕಾರವೇ ಆಗಿದೆಯೆನ್ನಬಹುದು. ಬೆಳಗಿನ ಬನ್ಸ್, ಸಂಜೆಯ ಗೋಳಿಬಜೆ, ಬೇಕರಿಯ ಮುಂದೆ ಹಾಯುವಾಗ ಮೂಗಿಗೆ ತಾಗುವ ಬಿಸಿ ಬ್ರೆಡ್ಡಿನ ಕಂಪು, ಮಳೆಗಾಲದ ಪತ್ರೊಡೆ, ಡಿಸೆಂಬರಿನ ಕುಸ್ವಾರ್ ಇವನ್ನು ಒಂದಾದಮೇಲೊಂದು ಹೆಸರಿಸಿದರೆ ಸಾಕು, ಊರೇ ಕಣ್ಣ ಮುಂದೆ ನಿಲ್ಲುವುದೆಂದು ಲೇಖಕರು ಭಾವಿಸುವರು.

ವಿಮರ್ಶಕರು ಇಂಥ ಬರಹವನ್ನು ಲಘುವೆಂದೆಣಿಸಿ ಬಿಟ್ಟುಬಿಡುವುದುಂಟು. ಅದು ಸರಿಯಲ್ಲ. ಒಂದು ಊರು ಹಿಂದೆ ಹೇಗಿದ್ದಿತೆಂಬ ಕಲ್ಪನೆಯನ್ನು ಬಹುಮಂದಿ ಪಡೆಯುವುದು ಇತಿಹಾಸಗ್ರಂಥಗಳಿಂದಲ್ಲ, ಇಂಥ ನೆನಪುಗಳಿಂದ. ನೆನಪಿನಲ್ಲಿ ಯಾರ ಅಡುಗೆಮನೆಗೆ ಸ್ಥಾನ ದೊರೆಯಿತೋ ಅವರು ಊರಿನವರಾಗಿ ಉಳಿಯುವರು. ಯಾರದಕ್ಕೆ ದೊರೆಯಲಿಲ್ಲವೋ ಅವರು ಕ್ರಮೇಣ ಹೊರಗಿನವರಾಗುವರು. ಆದಕಾರಣ ಹಳಹಳಿಕೆಯ ಬರಹವನ್ನೂ ಪರೀಕ್ಷಿಸಿ ನೋಡುವುದು ಅವಶ್ಯ. ಪ್ರಕೃತ ಲೇಖನದ ವಾದ ಇಷ್ಟು: ಮಂಗಳೂರಿನ ತಿನಿಸುಗಳನ್ನು ಅನಾದಿಕಾಲದ ಅಚ್ಚ ಸ್ವತ್ತೆಂದು ಕೊಂಡಾಡುವ ಬರಹ ತಾನು ಪ್ರೀತಿಸುವ ವಸ್ತುವನ್ನೇ ತಪ್ಪಾಗಿ ತಿಳಿದಿದೆ. ಅವುಗಳ ಹೆಸರುಗಳೇ ಅದಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತವೆ.

೧. ಊರಿನ ಹೆಸರು ಎಲ್ಲಿ ಅಂಟಿತು

ಮಂಗಳೂರಿನ ಹೋಟೆಲಿನಲ್ಲಿ ಕುಳಿತವನು ‘ಗೋಳಿಬಜೆ’ ಎಂದು ಕೇಳುತ್ತಾನೆ. ‘ಮಂಗಳೂರು ಬಜ್ಜಿ’ ಎಂಬ ಮಾತು ಕೇಳಿಬರುವುದು ಘಟ್ಟ ಹತ್ತಿದ ಮೇಲೆ. ಇದಕ್ಕೆ ಬಹು ಸಮೀಪವಾದ ಮೈದಾ-ಮೊಸರಿನ ಕರಿದ ತಿಂಡಿಗೆ ಆಂಧ್ರದಲ್ಲಿ ‘ಮೈಸೂರು ಬಜ್ಜಿ’ ಎಂದು ಹೆಸರು. ಇದರಿಂದ ತಿಳಿಯುವುದೇನು? ತಿನಿಸಿಗೆ ಊರಿನ ಹೆಸರು ಅಂಟುವುದು ಸಾಮಾನ್ಯವಾಗಿ ಊರಿನ ಹೊರಗೆ. ಊರಿನಲ್ಲಿರುವವರಿಗೆ ಅದು ಕೇವಲ ತಿಂಡಿ. ಬಿಟ್ಟುಹೋದವರಿಗೆ ಅದು ಊರಿನ ಗುರುತು.

ಈ ಗುರುತು ಹೇಗೆ ಬೆಳೆಯಿತೆಂಬುದಕ್ಕೆ ಹೋಟೆಲುಗಳ ಚರಿತ್ರೆಯೇ ನಿದರ್ಶನ. ಉಡುಪಿಯ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು ೧೯೨೪ರಲ್ಲಿ ಬೆಂಗಳೂರಿನಲ್ಲಿ ತೆರೆದ ಬ್ರಾಹ್ಮಣರ ಕಾಫಿ ಕ್ಲಬ್ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ೧೯೪೨ರಲ್ಲಿ ನಡೆಯತೊಡಗಿತು. ಇಂಥ ಅನೇಕ ಉದ್ಯಮಗಳಿಂದ ‘ಉಡುಪಿ’ ಎಂಬುದು ದೇಶದಲ್ಲೆಲ್ಲ ಸಸ್ಯಾಹಾರದ ಹೆಸರಾಯಿತು. ಅದೇ ಕರಾವಳಿಯ ಮೀನು, ಕೋರಿರೊಟ್ಟಿಗಳು ದೂರದ ಪಟ್ಟಣಗಳಲ್ಲಿ ‘ಮಂಗಳೂರು’ ಎಂಬ ಹೆಸರಿನ ಕೆಳಗೆ ಸೇರಿದುವು. ಕುಂದಾಪುರದಲ್ಲಿ ರೂಢಿಗೆ ಬಂದ ಘೀ ರೋಸ್ಟ್ ಕೂಡ ಹೊರಗಿನವರ ಬಾಯಲ್ಲಿ ಮಂಗಳೂರಿನದಾಯಿತು. ಉಡುಪಿಯಲ್ಲಿ ಮೀನು ತಿನ್ನುವವರಿಲ್ಲವೆ? ಮಂಗಳೂರಿನಲ್ಲಿ ಸಸ್ಯಾಹಾರಿಗಳಿಲ್ಲವೆ? ಒಂದೇ ಕಡಲತೀರವನ್ನು ಎರಡು ಹೆಸರುಗಳು ಹೀಗೆ ಹಂಚಿಕೊಂಡುದು ವ್ಯಾಪಾರದ ಅನುಕೂಲಕ್ಕಾಗಿ. ನೆನಪಿನ ಬರಹಗಾರನು ಈ ಹಂಚಿಕೆಯನ್ನು ಪರೀಕ್ಷಿಸದೆ ಒಪ್ಪಿದರೆ ಫಲಕದ ಮಾತನ್ನೇ ತನ್ನ ಅನುಭವವೆಂದು ಬರೆದಂತಾಗುವುದು.

೨. ಬೇಕರಿಯ ಸಾಕ್ಷ್ಯ

ಹಳಹಳಿಕೆಯ ಬರಹದಲ್ಲಿ ಬೇಕರಿಗೆ ದೇವಸ್ಥಾನದ ಬೀದಿಯಷ್ಟೇ ಪ್ರಾಚೀನತೆ ಬಂದುಬಿಡುತ್ತದೆ. ಆದರೆ ಕರಾವಳಿ ಅಕ್ಕಿಯ ನಾಡು. ಗೋಧಿ ಇಲ್ಲಿನ ಬೆಳೆಯಲ್ಲ. ಇಲ್ಲಿನ ಅಡುಗೆ ಹಬೆಯದು, ಕಾವಲಿಯದು, ಎಣ್ಣೆಯದು. ಮುಚ್ಚಿದ ಭಟ್ಟಿಯಲ್ಲಿ ಬೇಯಿಸುವ ಕ್ರಮ ಕಡಲ ಮೇಲಿನಿಂದ ಬಂದುದು. ಕೊಂಕಣಿಯ ‘ಪಾವ್’ ಪೋರ್ಚುಗೀಸ್ ಶಬ್ದ. ದಕ್ಷಿಣಕ್ಕೆ ಇದೇ ತೀರದ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು ೧೮೮೦ರಲ್ಲಿ ಬಿಸ್ಕತ್ತಿನ ಕಾರ್ಖಾನೆ ತೆರೆದರೆಂಬುದು ಪ್ರಸಿದ್ಧವಾಗಿದೆ. ಹೊರಗಿನ ಹಿಟ್ಟು, ಹೊರಗಿನ ಒಲೆ, ಒಳಗಿನ ಕೈ ಇವು ಮೂರೂ ಕೂಡಿದಲ್ಲಿ ನಮ್ಮ ಬೇಕರಿ ಹುಟ್ಟಿತು.

‘ಬನ್ಸ್’ ಎಂಬುದನ್ನೇ ನೋಡಬಹುದು. ಕಳಿತ ಬಾಳೆಹಣ್ಣನ್ನು ಕಿವುಚಿ, ಮೈದಾ, ಮೊಸರು, ಸಕ್ಕರೆ, ಜೀರಿಗೆ ಸೇರಿಸಿ ನಾದಿ, ನೆನೆಯಲು ಬಿಟ್ಟು, ಲಟ್ಟಿಸಿ ಎಣ್ಣೆಯಲ್ಲಿ ಕರಿದದ್ದು ಅದು. ಭಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನಿಂದ ಬಂದುದು ಹೆಸರು ಮಾತ್ರ. ಅದೂ ಬಹುವಚನ ಪ್ರತ್ಯಯದೊಡನೆ ಬಂದು, ಇಲ್ಲಿ ಏಕವಚನವಾಗಿ, ‘ಒಂದು ಬನ್ಸ್’ ಎಂದು ಬಳಕೆಯಾಗುತ್ತದೆ. ಪರಭಾಷೆಯ ವ್ಯಾಕರಣವನ್ನು ಜನ ಇಷ್ಟು ನಿರಾತಂಕವಾಗಿ ತಮ್ಮದಾಗಿಸಿಕೊಂಡರೆಂಬುದು ಅಭಿಮಾನದ ವಿಷಯವೇ ಹೊರತು ಮುಚ್ಚಿಡಬೇಕಾದುದಲ್ಲ.

ಬೇಕರಿಯನ್ನು ಬಿಟ್ಟು ಅಚ್ಚ ತುಳುನಾಡಿನದೆನ್ನುವ ಕೋರಿರೊಟ್ಟಿಗೆ ಬಂದರೂ ಕಥೆ ಇದೇ. ಅದರ ಗಸಿಯ ಕೆಂಪು ಮೆಣಸಿನಕಾಯಿಯದು; ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗುಗಳಲ್ಲಿ ಬಂದುದು. ೧೬ನೆಯ ಶತಮಾನದ ಮೊದಲ ದಶಕದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ರಚಿಸುವಾಗ ಕನ್ನಡನಾಡಿನ ಅಡುಗೆಮನೆಗಳು ಇನ್ನೂ ಕರಿಮೆಣಸಿನ ಖಾರವನ್ನೇ ನಂಬಿದ್ದುವು. ಕರಾವಳಿಯ ಕನ್ನಡದಲ್ಲಿ ಕರಿಮೆಣಸಿಗೆ ‘ಒಳ್ಳೆಮೆಣಸು’ ಎನ್ನುವರಷ್ಟೆ. ಹೊಸದಾಗಿ ಬಂದ ಕಾಯಿ ‘ಮೆಣಸು’ ಎಂಬ ಹೆಸರನ್ನು ಆಕ್ರಮಿಸಿದಾಗ ಹಳೆಯದನ್ನು ವಿಶೇಷಣ ಹಚ್ಚಿ ಬೇರ್ಪಡಿಸಬೇಕಾಯಿತು. ಒಂದು ದೊಡ್ಡ ಪಲ್ಲಟವನ್ನು ಈ ಸಣ್ಣ ಶಬ್ದ ತನ್ನೊಳಗೆ ಕಾಪಾಡಿಕೊಂಡಿದೆ.

ಇನ್ನು ಗಡ್‌ಬಡ್ ಐಸ್‌ಕ್ರೀಮಿನ ಮಾತು. ಉಡುಪಿಯಲ್ಲಿ ಹುಟ್ಟಿತೆಂದು ಹೇಳಲಾಗುವ ಈ ತಿನಿಸನ್ನು ಮಂಗಳೂರಿನವರು ನೆನೆಯುವುದು ಬಹುಮಟ್ಟಿಗೆ ೧೯೭೫ರಲ್ಲಿ ಆರಂಭವಾದ ಐಡಿಯಲ್ ಅಂಗಡಿಯೊಡನೆ. ಐವತ್ತು ವರ್ಷಗಳಲ್ಲಿ ಒಂದು ಹೊಸತು ಪರಂಪರೆಯಾಗಬಲ್ಲುದು. ಪರಂಪರೆಯ ವಯಸ್ಸು ಚಿಕ್ಕದೆಂದು ಅದರ ಮೇಲಣ ಪ್ರೀತಿ ಸುಳ್ಳಾಗುವುದಿಲ್ಲ. ವಯಸ್ಸನ್ನು ಮರೆಮಾಡಿದರೆ ಮಾತ್ರ ಬರಹ ಸುಳ್ಳಾಗುತ್ತದೆ.

೩. ಒಂದು ಊರು, ಹಲವು ಹೆಸರು

ಕನ್ನಡದಲ್ಲಿ ಮಂಗಳೂರು ಎನಿಸಿಕೊಳ್ಳುವ ಈ ಪಟ್ಟಣ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿ ಭಾಷೆಯಲ್ಲಿ ಮೈಕಾಲ. ತಿನಿಸುಗಳ ಸ್ಥಿತಿಯೂ ಹಾಗೆಯೇ. ತುಳುವರ ನೀರುದೋಸೆ ಕೊಂಕಣಿ ಕ್ರೈಸ್ತರಲ್ಲಿ ಪಾನ್‌ಪೊಳೆ. ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದುದು ಕನ್ನಡದಲ್ಲಿ ಕೊಟ್ಟೆಕಡುಬು, ಕೊಂಕಣಿಯಲ್ಲಿ ಖೊಟ್ಟೆ, ತುಳುವಿನಲ್ಲಿ ಗುಂಡ. ಅದೇ ಹಿಟ್ಟು ಮುಂಡುಕದ ಎಲೆಯಲ್ಲಿ ಬೆಂದರೆ ಮೂಡೆ. ಕನ್ನಡದಲ್ಲಿ ಬರೆಯುವವನು ಇವುಗಳಿಗೆಲ್ಲ ‘ಕಡುಬು’ ಎಂಬ ಒಂದೇ ಶಬ್ದವಿಟ್ಟರೆ ಓದುಗನಿಗೆ ಅರ್ಥವಾದೀತು, ನಿಜ. ಆದರೆ ಎಲೆಯೊಂದಿಗೆ ಕಂಪೂ, ಹೆಸರಿನೊಂದಿಗೆ ಒಂದು ಮನೆಯೂ ಬಿಟ್ಟುಹೋಗುವುವು.

ಹಾಗೆಂದು ಮನೆಮನೆಗಳ ನಡುವೆ ಗೋಡೆಗಳು ಮಾತ್ರ ಇದ್ದುವೆಂದಲ್ಲ. ಕ್ರೈಸ್ತರ ಸಾನ್ನಾಂಗಳ ಹಿಟ್ಟನ್ನು ಉಬ್ಬಿಸುತ್ತಿದ್ದುದು ಶೇಂದಿ. ಶೇಂದಿಯನ್ನಿಳಿಸುತ್ತಿದ್ದವರು ಬಹುಮಟ್ಟಿಗೆ ಬಿಲ್ಲವ ಮೂರ್ತೆದಾರರು. ಒಂದು ಸಮಾಜದ ಹಬ್ಬದೂಟದ ಮೃದುತ್ವ ಇನ್ನೊಂದು ಸಮಾಜದವರು ಬೆಳಗಿನ ಜಾವದಲ್ಲಿ ಮರವೇರುವುದನ್ನು ಅವಲಂಬಿಸಿತ್ತು. ಕ್ರಿಸ್‌ಮಸ್ ಸಮಯದ ಕುಸ್ವಾರಿನ ತಟ್ಟೆಯೂ ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ ಮೊದಲಾದುವುಗಳೊಡನೆ ನೆರೆಯ ಅನ್ಯಮತೀಯರ ಮನೆಗಳಿಗೆ ಹೋಗುವುದುಂಟು. ‘ನಮ್ಮ ರುಚಿ’ ಎನ್ನುವಾಗ ‘ನಾವು’ ಯಾರೆಂಬ ಪ್ರಶ್ನೆಗೆ ಈ ಕೊಡುಕೊಳೆಯೇ ಪ್ರಾಮಾಣಿಕವಾದ ಉತ್ತರ. ಅದನ್ನು ಬಿಟ್ಟ ಬರಹದಲ್ಲಿ ಊರು ಒಂದೇ ಪಂಕ್ತಿಯ ಊಟವಾಗಿ ಕುಗ್ಗುತ್ತದೆ.

೪. ದುಡಿಮೆಯ ಮರೆವು

ಈ ಬರಹಗಳ ಇನ್ನೊಂದು ಕೊರತೆಯೆಂದರೆ, ಅವುಗಳಲ್ಲಿ ತಿನ್ನುವವನು ಇರುವನು, ಮಾಡುವವರು ಇರುವುದಿಲ್ಲ. ಇದ್ದರೂ ‘ಅಮ್ಮನ ಕೈರುಚಿ’ ಎಂಬ ಎರಡು ಮಾತಿನಲ್ಲಿ ಮುಗಿಯುವರು. ಪತ್ರೊಡೆಗೆ ಕೆಸುವಿನೆಲೆಯ ನಾರು ತೆಗೆಯಬೇಕು, ಹಿಟ್ಟು ರುಬ್ಬಬೇಕು, ಎಲೆಯ ಮೇಲೆ ಎಲೆಯಿಟ್ಟು ಹಚ್ಚಿ ಸುತ್ತಬೇಕು, ಬೇಯಿಸಬೇಕು. ಬೇಕರಿಯ ಕಂಪು ಬೀದಿಗೆ ಬರಬೇಕಾದರೆ ಊರು ಮಲಗಿರುವಾಗ ಒಬ್ಬನು ಭಟ್ಟಿಯೆದುರು ನಿಂತಿರಬೇಕು. ಕಂಪನ್ನು ಬಣ್ಣಿಸಿ ಭಟ್ಟಿಯ ಕಾವನ್ನು ಬಿಡುವ ವರ್ಣನೆ ಅರ್ಧ ವರ್ಣನೆ.

ಇಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ನೆನೆಯುವುದು ಯೋಗ್ಯ. ಇದೇ ಕರಾವಳಿಯ ಒಂದು ಮನೆತನದ ಮೂರು ತಲೆಮಾರಿನ ಕಥೆಯಾದ ಆ ಕಾದಂಬರಿಯಲ್ಲಿ ಊರು ಬಿಡುವುದೂ ಇದೆ, ಊರಿಗೆ ಮರಳುವುದೂ ಇದೆ. ಆದರೂ ಅದು ಹಳಹಳಿಕೆಯಲ್ಲ. ಸರಸ್ವತಿ, ಪಾರ್ವತಿಯರ ಬದುಕಿನಲ್ಲಿ ಅನ್ನವೆಂಬುದು ಮೊದಲು ದುಡಿಮೆ, ಆಮೇಲೆ ರುಚಿ. ಮೂರನೆಯ ತಲೆಮಾರಿನ ರಾಮನು ಪಟ್ಟಣಗಳನ್ನು ಕಂಡು ಹಿಂದಿರುಗುವುದು ಮಣ್ಣಿಗೆ, ಎಂದರೆ ಕೆಲಸಕ್ಕೆ. ನಮ್ಮ ನೆನಪಿನ ಬರಹಗಾರರು ಸಾಮಾನ್ಯವಾಗಿ ಮರಳುವುದು ತಟ್ಟೆಗೆ. ಪ್ರಬಂಧದಿಂದ ಕಾದಂಬರಿಯ ವ್ಯಾಪ್ತಿಯನ್ನು ನಿರೀಕ್ಷಿಸುವುದು ಅನ್ಯಾಯವೆಂದು ಆಕ್ಷೇಪಿಸಬಹುದು. ಇಲ್ಲಿ ಕೇಳುತ್ತಿರುವುದು ವ್ಯಾಪ್ತಿಯನ್ನಲ್ಲ, ದೃಷ್ಟಿಯನ್ನು. ಒಂದು ವಾಕ್ಯದಲ್ಲಿಯೂ ಅದು ತೋರಬಲ್ಲುದು.

೫. ಉಪಸಂಹಾರ

ಹಾಗಾದರೆ ತಿನಿಸಿನ ನೆನಪನ್ನು ಬರೆಯಬಾರದೆ? ಅವಶ್ಯವಾಗಿ ಬರೆಯಬೇಕು, ಇಂದು ಹೆಚ್ಚಾಗಿ ಬರೆಯಬೇಕು. ಕುಸ್ವಾರ್ ಬೇಕರಿಯಲ್ಲಿ ಪೊಟ್ಟಣವಾಗಿ ದೊರೆಯುತ್ತಿದೆ. ಸಾನ್ನಾಂಗಳಿಗೆ ಶೇಂದಿಯ ಬದಲು ಈಸ್ಟ್ ಬಳಸುವವರು ಅನೇಕರು. ಇದು ಶೋಕಿಸಬೇಕಾದ ಸಂಗತಿಯಲ್ಲ. ಹೊಸ ಕ್ರಮದಿಂದ ಮನೆಯ ಹೆಂಗಸರಿಗೆ ಬಿಡುವು ದೊರೆತಿದ್ದರೆ ಅದನ್ನು ನಷ್ಟದ ಲೆಕ್ಕಕ್ಕೆ ಬರೆಯುವುದು ಸಲ್ಲದು. ಆದರೆ ಕ್ರಮ ಬದಲಾದಂತೆ ಅದಕ್ಕೆ ಸಂಬಂಧಿಸಿದ ಎಲೆ, ಪಾತ್ರೆ, ಅಳತೆ, ಹದಗಳ ಶಬ್ದಗಳು ಬಳಕೆ ತಪ್ಪುವುವು. ನಿಜವಾದ ನಷ್ಟ ಅಲ್ಲಿದೆ.

ಮಂಗಳೂರು ನಿಘಂಟುಗಳ ಊರು. ಮ್ಯಾನರ್ ಅವರ ತುಳು ಕೋಶ ೧೮೮೬ರಲ್ಲಿ, ಕಿಟ್ಟೆಲ್ ಅವರ ಕನ್ನಡ ಕೋಶ ೧೮೯೪ರಲ್ಲಿ ಇಲ್ಲಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದುವು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟಿನ ೬ ಸಂಪುಟಗಳು ೧೯೮೮-೯೭ರ ಅವಧಿಯಲ್ಲಿ ಪ್ರಕಟವಾದುವು. ಈ ಪರಂಪರೆಯಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ತಂತಮ್ಮ ಮನೆಯ, ನೆರೆಮನೆಯ ಅಡುಗೆಯ ಶಬ್ದಗಳನ್ನು ಹೇಳಿದವರ ಉಚ್ಚಾರದಲ್ಲಿಯೇ ಬರೆದುಕೊಳ್ಳಲಿ. ಯಾವ ಎಲೆ, ಯಾವ ತಿಂಗಳು, ಯಾರ ಕೈ, ಯಾರ ಭಾಷೆ ಎಂಬ ನಾಲ್ಕು ವಿವರಗಳು ಪ್ರತಿಯೊಂದು ಶಬ್ದದ ಮುಂದೆ ಇರಲಿ. ನೆನಪಿನ ಪ್ರಬಂಧವನ್ನು ಅಳೆಯಲೂ ಈ ನಾಲ್ಕೇ ಸಾಕು. ಇವಕ್ಕೆ ಉತ್ತರ ಕೊಡಬಲ್ಲ ಪ್ರಬಂಧ ಎಷ್ಟೇ ಚಿಕ್ಕದಾದರೂ ಊರಿನ ಚರಿತ್ರೆಗೆ ಆಧಾರವಾಗುವುದು. ಕೊಡಲಾರದುದು ಎಷ್ಟೇ ಸೊಗಸಾಗಿದ್ದರೂ ಹಸಿವನ್ನು ಕೆರಳಿಸಿ ಸುಮ್ಮನಾಗುವುದು.