ಚಪ್ಪರಕ್ಕೆ ಬಂದ ಸ್ಯಾಕ್ಸೊಫೋನ್

1995ರಲ್ಲಿ ನನ್ನ ಮದುವೆ ಗೊತ್ತಾದಾಗ ನಮ್ಮ ಮನೆಯಲ್ಲಿ ಎರಡು ದಿನ ವಾಲಗದ ವಿಷಯಕ್ಕೇ ಜಗಳ ನಡೆಯಿತು. ಚಿಕ್ಕಪ್ಪನಿಗೆ ಸ್ಯಾಕ್ಸೊಫೋನ್ ಆಗಬೇಕು. "ಈಗ ಎಲ್ಲರೂ ಅದನ್ನೇ ಇಡುವುದು, ಕೇಳಲಿಕ್ಕೂ ಇಂಪು" ಎಂದರು. ಅಜ್ಜಿ ಸುತರಾಂ ಒಪ್ಪಲಿಲ್ಲ. "ಅದು ಬ್ಯಾಂಡಿನವರ ಕೊಳವೆ. ಧಾರೆಯ ಹೊತ್ತಿಗೆ ಅದನ್ನು ಊದಿದರೆ ಇಲ್ಲೊಂದು ಮದುವೆ ಆಗುತ್ತಾ ಇದೆ ಅಂತ ದೇವರಿಗೆ ಗೊತ್ತಾಗುವುದಾದರೂ ಹೇಗೆ?" ಕೊನೆಗೆ ಧಾರೆಗೆ ನಾಗಸ್ವರ, ಊಟದ ಹೊತ್ತಿಗೆ ಸ್ಯಾಕ್ಸೊಫೋನ್ ಎಂದು ತೀರ್ಮಾನವಾಯಿತು. ನನಗೆ ಎರಡೂ ಸರಿಯಾಗಿ ಕೇಳಿಸಲಿಲ್ಲ, ವೀಡಿಯೊದವನ ಗಲಾಟೆಯೇ ಅಷ್ಟಿತ್ತು.

ಅಜ್ಜಿಯ ಆ ಪ್ರಶ್ನೆಯನ್ನು ಮಾತ್ರ ನಾನು ಮರೆತಿಲ್ಲ. ಕದ್ರಿ ಗೋಪಾಲನಾಥರ ಬದುಕೆಲ್ಲ ಆ ಒಂದು ಪ್ರಶ್ನೆಗೆ ಉತ್ತರ ಕೊಡುವುದರಲ್ಲೇ ಕಳೆಯಿತೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅವರು ಪ್ರಸಿದ್ಧರು, ಪದ್ಮಶ್ರೀ ಪಡೆದವರು, ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಹೊಗಳಿಕೆಯ ಗದ್ದಲದಲ್ಲಿ ಅವರು ನಿಜವಾಗಿ ಮಾಡಿದ ಕೆಲಸ ಯಾವುದು ಎಂಬುದು ಮರೆತುಹೋಗುತ್ತಿದೆ. ನಾನೇನು ಸಂಗೀತ ಕಲಿತವಳಲ್ಲ. ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ ಮೂವತ್ತು ವರ್ಷ ರೇಡಿಯೊ, ಕ್ಯಾಸೆಟ್ಟು ಕೇಳಿದವಳು. ಕೇಳಿದವರಿಗೂ ಒಂದು ಮಾತು ಹೇಳುವ ಹಕ್ಕು ಇದೆಯಲ್ಲ!

ಗೋಪಾಲನಾಥರು ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮಗನೂ ಮೊದಲು ಕಲಿತದ್ದು ತಂದೆಯಿಂದ, ನಾಗಸ್ವರವನ್ನೇ. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರಂತೆ. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಿಗೆ ಗುರುಗಳಾದರು. ವಾದ್ಯ ಪೂರ್ತಿ ಕೈವಶವಾಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು ಎನ್ನುತ್ತಾರೆ. ಇಪ್ಪತ್ತು ವರ್ಷ! ನಾವು ಮಗುವಿಗೆ ಆರು ತಿಂಗಳು ಕೀಬೋರ್ಡು ಕಲಿಸಿ, ವೇದಿಕೆಗೆ ಯಾಕೆ ಹತ್ತಿಸಲಿಲ್ಲ ಎಂದು ಮೇಷ್ಟ್ರ ಹತ್ತಿರ ಜಗಳ ಮಾಡುತ್ತೇವೆ.

ಅಷ್ಟು ಕಾಲ ಯಾಕೆ ಬೇಕಾಯಿತು ಎಂಬುದು ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು. ನಾಗಸ್ವರದಲ್ಲಿ ರಂಧ್ರಗಳ ಮೇಲೆ ನೇರವಾಗಿ ಬೆರಳೇ ಕೂರುತ್ತದೆ. ಬೆರಳನ್ನು ತುಸು ಸರಿಸಿ ಅರ್ಧ ತೆರೆದರೆ ಸ್ವರ ಅರ್ಧ ಏರುತ್ತದೆ, ಅಲ್ಲೇ ತೂಗುತ್ತದೆ, ಇಳಿಯುತ್ತದೆ. ಸ್ಯಾಕ್ಸೊಫೋನ್ ಹಾಗಲ್ಲ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪೇಟೆಂಟ್ ಪಡೆದ ಆ ಹಿತ್ತಾಳೆಯ ವಾದ್ಯದಲ್ಲಿ ರಂಧ್ರಗಳು ದೊಡ್ಡವು, ಬೆರಳಿಗೆ ನಿಲುಕುವುದಿಲ್ಲ. ಪ್ರತಿಯೊಂದರ ಮೇಲೂ ಒಂದು ಮುಚ್ಚಳ, ಅದನ್ನು ಎತ್ತಿ ಇಳಿಸಲು ಒಂದು ಕೀಲಿ. ತೆರೆದರೆ ತೆರೆಯಿತು, ಮುಚ್ಚಿದರೆ ಮುಚ್ಚಿತು. ಮೆಟ್ಟಿಲು ಹತ್ತಿದ ಹಾಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಬೇಕು. ನಮ್ಮ ಸಂಗೀತಕ್ಕೋ ಮೆಟ್ಟಿಲು ಸಾಲದು, ಜಾರುವ ದಾರಿ ಬೇಕು. ತೋಡಿಯ ಗಾಂಧಾರವನ್ನು ನೆನೆಸಿಕೊಳ್ಳಿ. ಅದು ನಿಂತಲ್ಲಿ ನಿಲ್ಲುವ ಸ್ವರವಲ್ಲ, ತೂಗಿದರೆ ಮಾತ್ರ ಅದು ತೋಡಿ, ನೇರ ನಿಂತರೆ ಇನ್ನೇನೋ.

ಆ ತೂಗನ್ನು ಗೋಪಾಲನಾಥರು ಹುಡುಕಿದ್ದು ತುಟಿಯಲ್ಲಿ, ಉಸಿರಿನಲ್ಲಿ. ತುಟಿಯ ಬಿಗಿ, ಗಾಳಿಯ ಒತ್ತಡ, ಕೀಲಿಯನ್ನು ನಿಧಾನವಾಗಿ ಬಿಡುವ ಬೆರಳು ಇವೆಲ್ಲ ಸೇರಿ ಸ್ವರವನ್ನು ಬಾಗಿಸಬೇಕು. ವಾದ್ಯವನ್ನೂ ತಮಗೆ ಬೇಕಾದಂತೆ ಕೊಂಚ ಮಾರ್ಪಡಿಸಿಕೊಂಡರು. ಹೀಗಾಗಿ ಅವರು ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ತಂದರು ಎನ್ನುವುದಕ್ಕಿಂತ ಅಪ್ಪನ ನಾಗಸ್ವರವನ್ನು ಆ ಹಿತ್ತಾಳೆಯ ಕೊಳವೆಯೊಳಗೆ ತಂದು ಕೂರಿಸಿದರು ಎನ್ನುವುದೇ ಸರಿ. ಅವರ ವಿಳಂಬದ ಆಲಾಪನೆಯನ್ನು ಕಣ್ಣು ಮುಚ್ಚಿ ಕೇಳಿ. ಒಂದು ಸ್ವರವನ್ನು ಊದಿ, ಅದು ತುಂಬುವ ತನಕ ಕಾದು, ಆಮೇಲೆ ಮುಂದಿನದಕ್ಕೆ ಹೋಗುವ ಆ ತಾಳ್ಮೆ ದೇವಸ್ಥಾನದ ಅಂಗಳದ್ದು, ಬ್ಯಾಂಡಿನದ್ದಲ್ಲ.

1980ರ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ ಅವರ ವಾದನ ಕೇಳಿ, ತಾನೂ ಜೊತೆಗೆ ನುಡಿಸುತ್ತೇನೆ ಎಂದು ವೇದಿಕೆ ಹತ್ತಿದ ಮೇಲೆ ಹೊರದೇಶಗಳ ಬಾಗಿಲು ತೆರೆಯಿತು. 1994 ಅವರ ದೊಡ್ಡ ವರ್ಷ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿ ನಡೆದದ್ದು ಆ ವರ್ಷ. ಕೆ. ಬಾಲಚಂದರ್ ಅವರ 'ಡ್ಯುಯೆಟ್' ಎಂಬ ತಮಿಳು ಚಿತ್ರಕ್ಕೆ ಎ. ಆರ್. ರೆಹಮಾನ್ ಸಂಗೀತದಲ್ಲಿ ಅವರು ನುಡಿಸಿದ್ದೂ ಆಗಲೇ. ಆ ಚಿತ್ರದ ಕಲ್ಯಾಣವಸಂತವನ್ನು ನೀವೂ ಕೇಳಿರುತ್ತೀರಿ. ನನ್ನ ಚಿಕ್ಕಪ್ಪನ ಹಟಕ್ಕೆ ಅದೇ ಕಾರಣವಿದ್ದೀತು!

ಇಲ್ಲಿ ಒಂದು ಮಾತು ನಿಷ್ಠುರವಾಗಿ ಹೇಳಬೇಕು. ಪ್ರಸಿದ್ಧಿ ಬಂದ ಮೇಲೆ ಜನ ಅವರಿಂದ ವೇಗ ಬೇಡಿದರು, ಅವರು ಕೊಟ್ಟರು. ಕೆಲವು ಧ್ವನಿಸುರುಳಿಗಳಲ್ಲಿ ಕಲ್ಪನಾಸ್ವರಗಳು ಪಟಾಕಿ ಸರದಂತೆ ಸಿಡಿಯುತ್ತವೆ, ಚಪ್ಪಾಳೆ ಬೀಳುತ್ತದೆ, ಮುಗಿದ ಮೇಲೆ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ. ಕೀಲಿಗಳಿರುವ ವಾದ್ಯಕ್ಕೆ ವೇಗ ಸುಲಭ, ನಿಧಾನವೇ ಕಷ್ಟ. ಕಷ್ಟವಾದದ್ದನ್ನು ಸಾಧಿಸಿದವರು ಸುಲಭವಾದದ್ದರಿಂದ ಹೆಸರಾದರಲ್ಲ ಎಂದು ನನಗೆ ಬೇಸರ. ಅಮೆರಿಕದ ರುದ್ರೇಶ್ ಮಹಾಂತಪ್ಪ ಎಂಬ ಜಾಝ್ ವಾದಕರ ಜೊತೆ 2008ರಲ್ಲಿ ಅವರು ತಂದ 'ಕಿನ್ಸ್‌ಮೆನ್' ಆಲ್ಬಮ್ಮನ್ನು ಮಗ ಹಾಕಿ ಕೇಳಿಸಿದ. ಎರಡೂ ಒಂದೇ ಜಾತಿಯ ವಾದ್ಯ. ಒಬ್ಬರದು ಕಚ್ಚುವ ನಾದ, ಇನ್ನೊಬ್ಬರದು ದುಂಡಗಿನ ನಾದ. ಓಡುವಾಗ ಇಬ್ಬರೂ ಒಂದೇ, ನಿಂತಾಗ ಗೋಪಾಲನಾಥರು ಯಾರು ಎಂದು ತಟ್ಟನೆ ತಿಳಿಯುತ್ತದೆ.

ಪಿಟೀಲಿನ ಎ. ಕನ್ಯಾಕುಮಾರಿಯವರ ಜೊತೆಗಿನ ಕಛೇರಿಗಳೇ ನನಗೆ ಎಲ್ಲಕ್ಕಿಂತ ಇಷ್ಟ. ಎಂ. ಎಲ್. ವಸಂತಕುಮಾರಿಯವರಿಗೆ ವರ್ಷಗಟ್ಟಲೆ ಪಕ್ಕವಾದ್ಯ ನುಡಿಸಿ ಪಳಗಿದವರು ಅವರು. ಪಕ್ಕದಲ್ಲಿ ಹೆಂಗಸು ಪಿಟೀಲು ಹಿಡಿದು ಕೂರುವುದನ್ನು ಇಷ್ಟಪಡದ ಗಂಡು ವಿದ್ವಾಂಸರಿಗೆ ಸಂಗೀತಲೋಕದಲ್ಲಿ ಬರಗಾಲವಿರಲಿಲ್ಲ. ಗೋಪಾಲನಾಥರು ಅವರನ್ನು ಪಕ್ಕಕ್ಕೆ ಕೂರಿಸದೆ ಸರಿಸಮನಾಗಿ ದ್ವಂದ್ವಕ್ಕೆ ಕರೆದರು. ಈತ ಓಡಲು ಹೊರಟಾಗ ಆಕೆ ಒಂದು ಎಳೆಯನ್ನು ಹಿಡಿದು ಹಿಂದಕ್ಕೆ ಕರೆತರುತ್ತಾರೆ. ಕನ್ಯಾಕುಮಾರಿಯವರಿಗೆ ಸಂಗೀತ ಕಲಾನಿಧಿ ಬಂದದ್ದು 2016ರಲ್ಲಿ. ತಡವಾಯಿತು ಎಂದು ನನ್ನ ಅಭಿಪ್ರಾಯ.

ಗುರುವಾಗಿ ಗೋಪಾಲನಾಥರು ತಯಾರು ಮಾಡಿದ ಶಿಷ್ಯರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಎಂ. ಎಸ್. ಸುಬ್ಬಲಕ್ಷ್ಮಿ, ಎಂ. ಎಸ್. ಲಾವಣ್ಯ ಸಹೋದರಿಯರ ಹೆಸರನ್ನು ನೀವು ಕೇಳಿರಬಹುದು. ನಮ್ಮ ಕಡೆ ನಾಗಸ್ವರ ಊದುವ ಹೆಂಗಸನ್ನು ನಾನು ಕಂಡವಳಲ್ಲ. ಸ್ಯಾಕ್ಸೊಫೋನ್ ಹಿಡಿದ ಹುಡುಗಿಯರನ್ನು ಬೇಕಾದಷ್ಟು ಕಂಡಿದ್ದೇನೆ. ಹೊಸ ವಾದ್ಯಕ್ಕೆ ಇದು ಗಂಡಸರದ್ದು ಎಂಬ ಹಳೆಯ ಬೇಲಿ ಇರಲಿಲ್ಲ. ವಾಲಗದವರನ್ನು ಅಂಗಳದ ಮೂಲೆಯಲ್ಲಿ ಕೂರಿಸಿ ಕೊನೆಯ ಪಂಕ್ತಿಯಲ್ಲಿ ಊಟ ಹಾಕುತ್ತಿದ್ದ ಜನರೇ ಸ್ಯಾಕ್ಸೊಫೋನಿನವರಿಗೆ ಕುರ್ಚಿ ಹಾಕಿದರು, ಮೈಕು ಕೊಟ್ಟರು.

ಹಾಗೆಂದು ಖುಷಿಪಟ್ಟು ಸುಮ್ಮನಿರಲು ನನ್ನ ತರಗತಿಯ ಒಬ್ಬಳು ಹುಡುಗಿ ಬಿಡಲಿಲ್ಲ. ಒಂಬತ್ತನೆಯ ತರಗತಿ, ಕಿಟಕಿಯ ಪಕ್ಕದ ಬೆಂಚು. ಸೋಮವಾರ ಬಂತೆಂದರೆ ತೂಕಡಿಕೆ. ಒಂದು ದಿನ ಎಲ್ಲರೆದುರು ಗದರಿದೆ. "ರಾತ್ರಿಯೆಲ್ಲ ಟಿವಿ ನೋಡುತ್ತೀಯಾ?" ತುಟಿ ಕಚ್ಚಿಕೊಂಡು ನಿಂತಳು. ಕೆಳತುಟಿಯ ಒಳಗೆ ಗಾಯ ಇತ್ತು. "ನಿನ್ನೆ ಎರಡು ಮದುವೆ ಇತ್ತು ಟೀಚರ್, ಸ್ಯಾಕ್ಸೊಫೋನ್ ಊದಲಿಕ್ಕೆ ಹೋಗಿದ್ದೆ" ಎಂದಳು. ನನಗೆ ಆ ದಿನ ಪಾಠ ಮುಂದುವರಿಸಲಾಗಲಿಲ್ಲ.

ಅವಳ ಅಜ್ಜ ಊರಿನ ದೇವಸ್ಥಾನದಲ್ಲಿ ನಾಗಸ್ವರ ಊದುತ್ತಿದ್ದವರು. ಈಗ ಉತ್ಸವಕ್ಕೂ ಸ್ಯಾಕ್ಸೊಫೋನನ್ನೇ ಕರೆಯುತ್ತಾರೆ, ಅವರ ವಾದ್ಯ ಬಟ್ಟೆ ಸುತ್ತಿಕೊಂಡು ಅಟ್ಟದಲ್ಲಿದೆ. ಮೊಮ್ಮಗಳಿಗೆ ರಾಗ ಹಾಡಿ ಹೇಳಿಕೊಡುವುದು ಅವರೇ. ಅವಳು ತಂದ ಹಣದಲ್ಲೇ ಅಜ್ಜನ ಔಷಧಿ. ಈ ಲೆಕ್ಕವನ್ನು ಹೇಗೆ ಬಿಡಿಸಬೇಕೆಂದು ನನಗೆ ತಿಳಿಯದು. ಗೋಪಾಲನಾಥರು ಅಪ್ಪನ ವಾದ್ಯದ ಉಸಿರನ್ನು ಉಳಿಸಿದರು, ಆದರೆ ಅವರ ಗೆಲುವೇ ಅಪ್ಪನಂಥವರ ಅನ್ನವನ್ನು ಕಸಿಯಿತೋ ಏನೋ. ತಪ್ಪು ಅವರದೆನ್ನಲಾರೆ. ನಾಗಸ್ವರದವರಿಗೆ ಕುರ್ಚಿ ಹಾಕದೆ ಇದ್ದವರು ನಾವು.

2019ರ ಅಕ್ಟೋಬರ್ 11ರಂದು ಗೋಪಾಲನಾಥರು ಮಂಗಳೂರಿನಲ್ಲಿ ತೀರಿಕೊಂಡರು. ಆ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ಅವರ ನೆನಪಿಗೆ ಆ ಹುಡುಗಿಯಿಂದಲೇ ನುಡಿಸಿದೆವು. ಅವಳು ತೋಡಿ ಎತ್ತಿಕೊಂಡಳು, ನಿಧಾನವಾಗಿ. ಮಕ್ಕಳು ಗುಸುಗುಸು ಶುರುಮಾಡಿದರು. ಅತಿಥಿಗಳಾಗಿ ಬಂದವರು "ಒಂದು ಸಿನಿಮಾ ಹಾಡು ಆಗಲಿ" ಎಂದು ಚೀಟಿ ಕಳುಹಿಸಿದರು. ಅವಳು ಚೀಟಿ ಓದಿ ಪಕ್ಕಕ್ಕಿಟ್ಟು ಆಲಾಪನೆ ಮುಗಿಸಿಯೇ ಆ ಹಾಡಿಗೆ ಬಂದಳು. ಆಮೇಲೆ ಬಿದ್ದ ಚಪ್ಪಾಳೆಗೆ ಶಾಮಿಯಾನವೇ ಹಾರಬೇಕು.

ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದೆ ಹೋದೆ. ಅಜ್ಜ ಕುರ್ಚಿಯಲ್ಲಿ ಕೂತಿದ್ದರು, ಅವಳು ವಾದ್ಯ ಒರೆಸುತ್ತಿದ್ದಳು. ಚೆನ್ನಾಗಿತ್ತು ಅಲ್ಲವೇ ಎಂದು ಕೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಡಿನದ್ದು ಬಿಡಿ ಟೀಚರ್, ಗಾಂಧಾರ ತೂಗಲಿಲ್ಲ" ಎಂದರು.

"ಗೊತ್ತಾಯಿತು ಅಜ್ಜ, ತುಟಿ ನೋಯುತ್ತಿತ್ತು" ಎಂದು ಅವಳು ಪೆಟ್ಟಿಗೆ ಮುಚ್ಚಿದಳು. ಮರುದಿನವೂ ಒಂದು ಮದುವೆ ಇತ್ತು.