ಬೇಸ್‌ಮೆಂಟಿನ ಅರೆಮಂಡಿ: ಇಲ್ಲಿನ ನೃತ್ಯಶಿಕ್ಷಣದ ಒಂದು ವಿಮರ್ಶೆ

ಸ್ಕೋಕಿ, ನೇಪರ್‌ವಿಲ್, ಆ ಕಡೆ ಡೆಟ್ರಾಯಿಟ್ ಸುತ್ತಿನ ಟ್ರಾಯ್, ನೋವೈಗಳ ಕನ್ನಡ ಮನೆಗಳಿಗೆ ಬೇಸಿಗೆಯೊಂದಿಗೆ ರಂಗಪ್ರವೇಶದ ಆಹ್ವಾನಪತ್ರಿಕೆಗಳೂ ಬರುತ್ತವೆ. ಹದಿನಾರು ಹದಿನೇಳರ ಹುಡುಗಿ ಪುಷ್ಪಾಂಜಲಿಯಿಂದ ತಿಲ್ಲಾನದವರೆಗೆ ಎರಡೂವರೆ ಗಂಟೆ ಒಬ್ಬಳೇ ಕುಣಿಯುತ್ತಾಳೆ. ನಾವು ಮೆಚ್ಚಿ, ಹರಸಿ, ಊಟ ಮಾಡಿ ಬರುತ್ತೇವೆ. ಮರುವರ್ಷ ಅವಳು ಕಾಲೇಜಿಗೆ ಹೋಗುತ್ತಾಳೆ; ಗೆಜ್ಜೆ ಕಪಾಟು ಸೇರುತ್ತದೆ. ಹೆಸರು ರಂಗಪ್ರವೇಶ, ಆಗುವುದು ಬಹಳ ಸಲ ಬೀಳ್ಕೊಡುಗೆ. ಈ ಪದ್ಧತಿ ಮಗುವಿನ ಮೈಗೂ ಗುರುವಿನ ಬದುಕಿಗೂ ಏನು ಮಾಡುತ್ತಿದೆ ಎಂಬುದನ್ನು ಒಬ್ಬ ಪ್ರೇಕ್ಷಕನಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ನಮ್ಮದೇ ಪರಂಪರೆಯ ಒಂದು ಅಳತೆಗೋಲು. 1906ರಲ್ಲಿ ಕಡೂರು ಸೀಮೆಯಲ್ಲಿ ಹುಟ್ಟಿದ ಕೆ. ವೆಂಕಟಲಕ್ಷಮ್ಮನವರು ಜಟ್ಟಿ ತಾಯಮ್ಮನವರ ಬಳಿ ಕಲಿತು, ಎಳೆ ವಯಸ್ಸಿನಲ್ಲೇ ರಂಗವೇರಿ, ಮೈಸೂರು ಅರಮನೆಯ ಆಸ್ಥಾನ ವಿದುಷಿಯಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ನೃತ್ಯ ವಿಭಾಗ ತೆರೆದಾಗ ಅಲ್ಲಿ ರೀಡರ್ ಆದರು. 1992ರಲ್ಲಿ ಪದ್ಮಭೂಷಣ ಪಡೆದರು. ಅವರಿಗೆ ಮೊದಲ ಪ್ರದರ್ಶನವೆಂಬುದು ವೃತ್ತಿಯ ಬಾಗಿಲು. ಬಾಗಿಲ ಹಿಂದೆ ಮೊದಲು ಅರಮನೆ, ಆಮೇಲೆ ವಿಶ್ವವಿದ್ಯಾನಿಲಯ ಇತ್ತು. ಮೈಸೂರು ಶೈಲಿಯ ಹೆಗ್ಗಳಿಕೆಯಾದ ಅಭಿನಯವಂತೂ ವಯಸ್ಸಿನೊಂದಿಗೆ ಮಾಗುವ ವಿದ್ಯೆ. ನಾವು ಇಲ್ಲಿ ಬಾಗಿಲನ್ನು ಇಟ್ಟುಕೊಂಡು ಮನೆಯನ್ನು ಬಿಟ್ಟಿದ್ದೇವೆ.

ಈಗ ಮೈಯ ವಿಷಯ. ಅರೆಮಂಡಿಯಲ್ಲಿ ಮಂಡಿ ಹೊರಕ್ಕೆ ತೆರೆಯಬೇಕಾದದ್ದು ಸೊಂಟದ ಕೀಲಿನಿಂದ. ಆ ಕೀಲು ಸಾಕಷ್ಟು ತಿರುಗದ ಮಗು ಪಾದವನ್ನಷ್ಟೇ ಹೊರಕ್ಕೆ ತಿರುಗಿಸುತ್ತದೆ. ಮಂಡಿ ತಿರುಚಿಕೊಳ್ಳುತ್ತದೆ, ಅಂಗಾಲಿನ ಕಮಾನು ಕುಸಿಯುತ್ತದೆ, ಬೆನ್ನಿನ ಕೆಳಭಾಗ ಒಳಕ್ಕೆ ಬಾಗುತ್ತದೆ. ಹನ್ನೆರಡರ ಆಸುಪಾಸಿನಲ್ಲಿ ಮಕ್ಕಳು ಸರ್ರನೆ ಬೆಳೆಯುವಾಗ ಮಂಡಿಚಿಪ್ಪಿನ ಕೆಳಗೆ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ಇದರ ಮೇಲೆ ನಮ್ಮ ಬೇಸ್‌ಮೆಂಟುಗಳ ಕಾಂಕ್ರೀಟು. ಅದಕ್ಕೆ ಟೈಲ್ಸ್ ಹಾಕಿದರೂ ಕಾರ್ಪೆಟ್ ಹಾಕಿದರೂ ಬರಿಗಾಲಿನ ತಟ್ಟಿನ ಪೆಟ್ಟು ಬಹುಮಟ್ಟಿಗೆ ಮೂಳೆಗೇ ವಾಪಸು. ಬ್ಯಾಲೆ ಸ್ಟುಡಿಯೋಗಳಲ್ಲಿ ಮರದ ಹಲಗೆಯ ಕೆಳಗೆ ಜಾಗ ಬಿಟ್ಟು ಪುಟಿಯುವ ನೆಲ ಹಾಸುವುದು ಈ ಕಾರಣಕ್ಕೆ. ನ್ಯೂಯಾರ್ಕಿನಲ್ಲಿ ನರ್ತಕರ ಗಾಯಗಳಿಗೆಂದೇ ಹಾರ್ಕ್‌ನೆಸ್ ಸೆಂಟರ್ 1989ರಲ್ಲಿ ಶುರುವಾಯಿತು. ನೃತ್ಯವೈದ್ಯದ ಅಂತರರಾಷ್ಟ್ರೀಯ ಸಂಘ 1990ರಲ್ಲಿ. ಈ ಅರಿವು ನಮ್ಮ ತರಗತಿಗಳಿಗೆ ಇನ್ನೂ ಸರಿಯಾಗಿ ಇಳಿದಿಲ್ಲ. ಇನ್ನೊಂದು ಮಾತು: ಸುಮಾರು 42 ಡಿಗ್ರಿ ಅಕ್ಷಾಂಶದ ಈ ಊರುಗಳಲ್ಲಿ ಚಳಿಗಾಲದ ಬಿಸಿಲಿನಿಂದ ನಮ್ಮ ಮೈಬಣ್ಣದವರಿಗೆ ವಿಟಮಿನ್ ಡಿ ಸಿಗುವುದು ಕಷ್ಟ. ಅದು ಕಡಿಮೆಯಿದ್ದರೆ ಮೂಳೆ ಸೋಲುವುದು ಇನ್ನೂ ಸುಲಭ. ಬೇಸಿಗೆಯ ರಂಗಪ್ರವೇಶಕ್ಕೆ ಭರದ ಅಭ್ಯಾಸ ನಡೆಯುವುದೂ ಇದೇ ಚಳಿಗಾಲದಿಂದ.

ಸ್ನಾಯುವಿನ ನೋವು ಎರಡು ಮೂರು ದಿನಕ್ಕೆ ಇಳಿಯುತ್ತದೆ. ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ, ರಾತ್ರಿಯೂ ಬಿಡದ ನೋವು ಬೇರೆ. ಅದಕ್ಕೆ ವೈದ್ಯರೇ ಬೇಕು. “ಇನ್ನು ಎರಡು ತಿಂಗಳು ತಡಕೋ ಪುಟ್ಟಿ, ಹಾಲ್ ಬುಕ್ ಆಗಿದೆ” ಎಂಬ ಮಾತು ನಾವು ಕೇಳದ್ದೇನಲ್ಲ. ಆ ಮಾತು ಗುರುವಿನದೂ ಅಲ್ಲ, ತಾಯ್ತಂದೆಯರದೂ ಅಲ್ಲ. ದಿನ ಗೊತ್ತುಮಾಡಿದ ಪದ್ಧತಿಯದು.

ಗುರುಗಳ ಕಡೆಯಿಂದಲೂ ನೋಡೋಣ. ಇಲ್ಲಿ ಕಲಿಸುವವರಲ್ಲಿ ಅನೇಕರಿಗೆ ಹಗಲು ಬೇರೆ ಕೆಲಸ. ಸಂಜೆ ಮತ್ತು ಶನಿವಾರ, ಭಾನುವಾರ ಪಾಠ. ಅವರ ಹೆಸರನ್ನು ನಾವು ಅಳೆಯುವುದು ಎಷ್ಟು ರಂಗಪ್ರವೇಶ ಮಾಡಿಸಿದರು ಎಂಬ ಲೆಕ್ಕದಿಂದ. ರಾಜ್ಯೋತ್ಸವಕ್ಕೆ ಧ್ವನಿ, ಬೆಳಕು, ಅಡಿಗೆಗೆ ದುಡ್ಡು ಕೊಡುವ ಸಂಘಗಳು ನೃತ್ಯವನ್ನು ಮಾತ್ರ ‘ಸೇವೆ’ ಎಂದು ಬರೆದುಕೊಳ್ಳುತ್ತವೆ. ಹೀಗಿರುವಾಗ ನಮ್ಮ ಮಗಳು “ನಾನು ನೃತ್ಯವನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ” ಎಂದರೆ ಯಾರನ್ನು ತೋರಿಸಿ ಒಪ್ಪೋಣ? ದಾರಿ ಇಲ್ಲವೆಂದಲ್ಲ. ಹೇಮಾ ರಾಜಗೋಪಾಲನ್ ಅವರು 1970ರ ದಶಕದಲ್ಲಿ ಶಿಕಾಗೋದಲ್ಲಿ ಕಟ್ಟಿದ ನಾಟ್ಯ ಡ್ಯಾನ್ಸ್ ಥಿಯೇಟರ್ ಈ ನೆಲದಲ್ಲೇ ಭರತನಾಟ್ಯದ ವೃತ್ತಿತಂಡವಾಗಿ ಬೆಳೆದಿದೆ.

ರಂಗಪ್ರವೇಶದಿಂದ ಮಕ್ಕಳಿಗೆ ಶಿಸ್ತು, ಧೈರ್ಯ, ದಾಸರ ಪದಗಳ ನಂಟು ಸಿಗುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಅದೊಂದೇ ಮೆಟ್ಟಿಲಾಗಬಾರದು. ಕರ್ನಾಟಕದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂದು ಹಂತಹಂತದ ಪರೀಕ್ಷೆಗಳಿವೆ, ಪ್ರಾಯೋಗಿಕದ ಜೊತೆ ಶಾಸ್ತ್ರವೂ ಇದೆ. ಆ ಕ್ರಮದಿಂದ ನಾವು ಕಲಿಯಬಹುದು. ಎರಡೂವರೆ ಗಂಟೆಯ ಒಂದು ಸಂಜೆಯ ಬದಲು ಮೂರು ವರ್ಷಗಳಲ್ಲಿ ಮೂರು ಚಿಕ್ಕ ಕಾರ್ಯಕ್ರಮಗಳಾದರೆ ಮಂಡಿಗೂ ಒಳ್ಳೆಯದು, ಅಭಿನಯಕ್ಕೂ ಒಳ್ಳೆಯದು.

ಸಂಘಕ್ಕೆ ನನ್ನ ಸಲಹೆ ಮೂರು. ಅಭ್ಯಾಸಕ್ಕೆ ಮರದ ನೆಲವಿರುವ ಜಾಗವೊಂದನ್ನು ಎಲ್ಲ ಗುರುಗಳಿಗೂ ಸೇರಿಸಿ ಬಾಡಿಗೆಗೆ ಹಿಡಿಯೋಣ. ನಮ್ಮಲ್ಲೇ ಇರುವ ಮೂಳೆವೈದ್ಯರು, ಫಿಸಿಯೋಥೆರಪಿಸ್ಟರು ವರ್ಷಕ್ಕೊಮ್ಮೆ ಮಕ್ಕಳ ಸೊಂಟ, ಮಂಡಿ, ಪಾದ ನೋಡಲಿ. ವೇದಿಕೆಗೆ ಮಕ್ಕಳನ್ನು ತಯಾರು ಮಾಡುವ ಗುರುಗಳಿಗೆ ಶಾಲಿನ ಜೊತೆ ಚೆಕ್ಕನ್ನೂ ಕೊಡೋಣ. ಇವು ದೊಡ್ಡ ಖರ್ಚಿನವಲ್ಲ. ಮುಂದಿನ ಬಜೆಟ್ ಸಭೆಯಲ್ಲೇ ಚರ್ಚೆಗೆ ತರಬಹುದಾದಂಥವು.