ಮೂರೆಳೆಯ ಸಂದೇಶ, ಮದ್ರಾಸಿನ ನಕ್ಷೆ

ಸೋಂಕು ತಗುಲಿದ ಜೀವಕೋಶದ ಮೈಮೇಲೆ ಫ್ಯಾಸ್ ಎಂಬ ಪ್ರೋಟೀನು ಇರುತ್ತದೆ. ರೋಗನಿರೋಧಕ ಟಿ-ಕೋಶವೊಂದು ಬಂದು ಫ್ಯಾಸ್-ಲೈಗ್ಯಾಂಡ್ ಎಂಬ ತನ್ನ ಮೂರೆಳೆಯ ಪ್ರೋಟೀನನ್ನು ಅದಕ್ಕೆ ತಾಕಿಸಿತೆಂದರೆ ಫ್ಯಾಸ್‌ಗಳು ಗುಂಪುಗೂಡುತ್ತವೆ. ಒಳಗೆ ಕ್ಯಾಸ್ಪೇಸ್-8 ಎಂಬ ಕಿಣ್ವ ಎಚ್ಚೆತ್ತು ಕ್ಯಾಸ್ಪೇಸ್-3ನ್ನು ಎಬ್ಬಿಸುತ್ತದೆ. ಸಾಯುವ ಕೋಶ ಸಿಡಿಯುವುದಿಲ್ಲ, ಕುಗ್ಗಿ, ಪುಟ್ಟ ಪುಟ್ಟ ಪೊಟ್ಟಣಗಳಾಗುತ್ತದೆ, ಅವನ್ನು ಭಕ್ಷಕ ಕೋಶಗಳು ನುಂಗುತ್ತವೆ. ಒಳಗಿನದು ಹೊರಗೆ ಚೆಲ್ಲುವುದೇ ಇಲ್ಲ. ಎಂಥ ಅಚ್ಚುಕಟ್ಟು!

ಈ ಅಚ್ಚುಕಟ್ಟೆಲ್ಲ ನಿಂತಿರುವುದು ಪ್ರೋಟೀನುಗಳ ಆಕಾರದ ಮೇಲೆ; ಆ ಆಕಾರ ಬಿಡಿಸುವವರು ಚೆನ್ನೈಗೆ ಋಣಿಗಳು. 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಪ್ರಕಟಿಸಿದ ನಕ್ಷೆಯಲ್ಲಿರುವುದು ತಿರುವಿನ ಎರಡೇ ಕೋನ. ಪ್ರೋಟೀನಿನ ಸರಪಳಿ ಎತ್ತ ಬಾಗಬಹುದು, ಎತ್ತ ಬಾಗಿದರೆ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ನನಗಂತೂ ಅದು ರಂಗೋಲಿಯಷ್ಟೇ ಚಂದ. ಹೊಸ ರಚನೆ ಯಾವುದೇ ಬರಲಿ, ಇಂದಿಗೂ ಅದನ್ನು ಈ ನಕ್ಷೆಯ ಮೇಲಿಟ್ಟೇ ಒರೆಹಚ್ಚುತ್ತಾರೆ.